ನಿಲಸುಗಲ್ಲಿನ ಗುರುತುಗಳನ್ನು ಓದುವ ಬಗೆ

ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಬೃಹತ್ ಶಿಲಾಯುಗದ (ದೊಡ್ಡ ಕಲ್ಲುಗಳಿಂದ ಸಮಾಧಿ, ಸ್ಮಾರಕ ಮಾಡುತ್ತಿದ್ದ ಕಾಲದ) ನೆಲೆಯಿರುವುದರಿಂದ, ಹಾವೇರಿ ಸೀಮೆಯ ಹೊಲದಲ್ಲಿ ಒಂಟಿ ಕಲ್ಲು ಕಂಡರೆ ಅದು ಆ ಕಾಲದವರು ನೆನಪಿಗೆಂದು ನೆಟ್ಟ ನಿಲಸುಗಲ್ಲೇ ಎಂಬ ಕುತೂಹಲ ಸಹಜ. ಆದರೆ ಸೂರ್ಯಚಂದ್ರರ ಕೆಳಗೆ ಹಸು-ಕರುವಿದ್ದರೆ ಅದು ಬಹುಮಟ್ಟಿಗೆ ಮಧ್ಯಕಾಲದ ದಾನದ ಕಲ್ಲು. ನಿಲಸುಗಲ್ಲು ಸಾಮಾನ್ಯವಾಗಿ ಒರಟಾಗಿಯೇ ಇರುತ್ತದೆ.

ನಡುಮಧ್ಯಾಹ್ನ ಹೋಗಿ ಪ್ರಯೋಜನವಿಲ್ಲ. ಇಳಿಬಿಸಿಲು ಓರೆಯಾಗಿ ಬಿದ್ದಾಗ, ಇಲ್ಲವೇ ಕತ್ತಲಲ್ಲಿ ಬ್ಯಾಟರಿಯನ್ನು ಕಲ್ಲಿನ ಮಗ್ಗುಲಿಗೆ ಹಿಡಿದಾಗ, ತೆಳುವಾದ ಗೀರಿನ ನೆರಳೂ ಎದ್ದು ಕಾಣುತ್ತದೆ. ಒಂದೇ ಅಳತೆಯ ಚೌಕ ಗುಳಿಗಳು ಸಾಲಾಗಿದ್ದರೆ ಅವು ಕಲ್ಲೊಡೆಯಲು ಬೆಣೆ ಬಡಿದ ತೂತುಗಳು. ನುಣುಪಾದ ಉದ್ದ ಗೀರುಗಳು ಹೆಚ್ಚಾಗಿ ಕುಡುಗೋಲು ಮಸೆದವು (ಊರ ಹಿರಿಯರನ್ನು ಕೇಳಿದರೆ ಅರ್ಧ ರಹಸ್ಯ ಅಲ್ಲೇ ಬಗೆಹರಿಯುತ್ತದೆ). ಬಟ್ಟಲಿನಂತೆ ದುಂಡಗಿದ್ದು ತಳ ಸವೆದಿರುವ ಗುಳಿಗಳನ್ನು ಮಾತ್ರ ಅಳೆದು, ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಫೋಟೊ ತೆಗೆಯಬೇಕು. ಸುಣ್ಣ, ಸೀಮೆಸುಣ್ಣ ಹಚ್ಚಲೇಬಾರದು.