ಲಾಲ್‌ಬಾಗ್ ಬಂಡೆ ಹತ್ತುವ ಮುಂಚೆ ಆ ಫಲಕ ಓದಿ

ಮಕ್ಕಳನ್ನು ಲಾಲ್‌ಬಾಗ್‌ಗೆ ಕರೆದುಕೊಂಡು ಹೋಗುವವರಿಗೆ ಒಂದು ಸಲಹೆ. ಕೆಂಪೇಗೌಡ ಗೋಪುರದ ಬಂಡೆಯನ್ನು ಸುಮ್ನೆ ಹತ್ತಿ ಇಳಿದು ಬರಬೇಡಿ. ಅಲ್ಲಿರುವ ಭೂವಿಜ್ಞಾನದ ಫಲಕದ ಮುಂದೆ ಎರಡು ನಿಮಿಷ ನಿಲ್ಲಿ. ಈ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು! ಡೈನೋಸಾರ್‌ಗಳು ಇದರ ಮುಂದೆ ನಿನ್ನೆ ಮೊನ್ನೆಯವು.

ಓದಿದ ಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತು ಬಂಡೆ ನೋಡಿ. ಬಿಳಿ ಪಟ್ಟಿ, ಪಕ್ಕದಲ್ಲೇ ಬೂದು ಪಟ್ಟಿ, ಕೆಲವು ಕಡೆ ಬಳುಕಿಕೊಂಡು ಹೋಗಿವೆ. ಭೂಮಿಯ ಆಳದಲ್ಲಿ ಶಾಖ, ಒತ್ತಡಕ್ಕೆ ಸಿಕ್ಕಿ ಮೂಡಿದ ಗೆರೆಗಳು. ಈ ಕಲ್ಲಿಗೆ ನೈಸ್ ಅಂತ ಹೆಸರು. ಮಗುವಿನ ಬೆರಳು ಹಿಡಿದು ಒಂದು ಪಟ್ಟಿಯ ಮೇಲೆ ಓಡಿಸಿ. ಬಯಲಿನ ಫಲಕದ ಸೊಗಸೇ ಇದು: ಓದಿದ್ದು ಕಾಲ ಕೆಳಗೇ ಇರುತ್ತದೆ. ಮೊಬೈಲ್‌ನಲ್ಲಿ ಓದಿದರೆ ಈ ಖುಷಿ ಸಿಗುವುದಿಲ್ಲ, ಅಲ್ವಾ?

ಮರಗಳ ಹೆಸರಿನ ಫಲಕಕ್ಕೆ ನಮ್ಮ ಮನೆಯಲ್ಲಿ ಬೇರೆ ಆಟ. ಮೊದಲು ತೊಗಟೆ ಮುಟ್ಟಿ, ಬಿದ್ದ ಎಲೆ ಮೂಸಿ, ಯಾವ ಮರ ಅಂತ ಊಹಿಸುವುದು. ಆಮೇಲೆ ಫಲಕ ನೋಡುವುದು. ಹೀಗೆ ಕಲಿತ ಹೆಸರು ಮರೆಯುವುದೇ ಇಲ್ಲ.

ಬೆಳಿಗ್ಗೆ ಬೇಗ ಹೋಗಿ. ಬಿಸಿಲೇರಿದರೆ ಬಂಡೆ ಜಾಸ್ತಿ ಕಾಯುತ್ತದೆ.