ಮಳೆಗಾಲದಲ್ಲಿ ಕಟ್ಟಿದ ಟೈಗರ್ ಮಾತ್

ರೇಡಿಯೊದಿಂದ ಹಾರಿಸುವ ಮಾದರಿ ವಿಮಾನದ ಕಿಟ್‌ನ ಪೆಟ್ಟಿಗೆ ಮನೆಗೆ ಬಂದ ದಿನ, ನಕ್ಷೆ, ತಂತಿ, ಚಕ್ರಗಳನ್ನೆಲ್ಲ ಬದಿಗಿಟ್ಟು ಹಗುರವಾದ ಬಾಲ್ಸಾ ಮರವನ್ನಷ್ಟೇ ಅಡುಗೆಮನೆಯ ತಕ್ಕಡಿಯ ಮೇಲೆ ಹೇರಿದಾಗ 620 ಗ್ರಾಂ ತೂಗಿತು. 1400 ಮಿಲಿಮೀಟರ್ ರೆಕ್ಕೆಯಗಲದ, ಮೇಲೊಂದು ಜೊತೆ ಕೆಳಗೊಂದು ಜೊತೆ ರೆಕ್ಕೆಗಳಿರುವ ವಿಮಾನಕ್ಕೆ ಇಷ್ಟು ಮರ ಸಾಕೇ ಎಂದು ಮನೆಯಾಕೆ ಕೇಳಿದಳು. ಮೂರು ವರ್ಷ ಫೋಮ್‌ನ ತರಬೇತಿ ವಿಮಾನವನ್ನು ಹಾರಿಸಿದ್ದ ನನಗೂ ಮರದಿಂದ ವಿಮಾನ ಕಟ್ಟಿ ಗೊತ್ತಿರಲಿಲ್ಲವಾದ್ದರಿಂದ ಧೈರ್ಯವಾಗಿ ಉತ್ತರಿಸಲಾಗಲಿಲ್ಲ.

ನಾನು ಆರಿಸಿಕೊಂಡದ್ದು ಡಿ ಹ್ಯಾವಿಲ್ಯಾಂಡ್ ಕಂಪನಿಯ ಟೈಗರ್ ಮಾತ್. 1931ರ ಅಕ್ಟೋಬರ್‌ನಲ್ಲಿ ಮೊದಲು ಹಾರಿದ ಈ ವಿಮಾನ ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸಾಮ್ರಾಜ್ಯದುದ್ದಕ್ಕೂ ಹೊಸ ಪೈಲಟ್‌ಗಳಿಗೆ ಹಾರಾಟ ಕಲಿಸಿತು. ನಮ್ಮ ವಾಯುಪಡೆಯವರೂ ಇದರಲ್ಲಿ ಕಲಿತಿದ್ದಾರೆ. ಇದಕ್ಕಿಂತ ಹಿಂದೆ ಅದೇ ಕಂಪನಿ ಕಟ್ಟಿದ ಮಾತ್‌ಗಳಲ್ಲಿ ಮೇಲಿನ ರೆಕ್ಕೆಯ ನಡುಭಾಗ ಮುಂದಿನ ಆಸನದ ನೆತ್ತಿಯ ಮೇಲೆಯೇ ಇದ್ದುದರಿಂದ, ಪ್ಯಾರಾಚೂಟ್ ಕಟ್ಟಿಕೊಂಡ ಬೋಧಕ ಆಪತ್ತಿನ ಹೊತ್ತಿನಲ್ಲಿ ಹೊರಗೆ ಬರುವುದು ಕಷ್ಟವಾಗಿತ್ತು. ವಿನ್ಯಾಸಕಾರರು ಆ ನಡುಭಾಗವನ್ನು ಮುಂದಕ್ಕೆ ಸರಿಸಿ, ಹಾಗೆ ಸರಿಸಿದ್ದರಿಂದ ಕೆಟ್ಟ ಸಮತೋಲವನ್ನು ತಿದ್ದಲು ರೆಕ್ಕೆಗಳನ್ನು ತುದಿಯ ಕಡೆಗೆ ಹಿಂದಕ್ಕೆ ಓರೆಯಾಗಿಸಿದರು. ನೋಡುವುದಕ್ಕೆ ಚೆಂದವಾದ ಆ ಓರೆ ಕಟ್ಟುವವನ ಪಾಲಿಗೆ ದೊಡ್ಡ ತಲೆನೋವು, ಏಕೆಂದರೆ ಓರೆಯಾದ ರೆಕ್ಕೆಗಳ ಯಾವ ಅಂಚನ್ನೂ ನೇರಗೋಲಿಟ್ಟು ಒಮ್ಮೆಗೆ ಪರೀಕ್ಷಿಸಲು ಬರುವುದಿಲ್ಲ.

ಕೆಲಸ ಶುರುವಾದದ್ದು ಜೂನ್‌ನಲ್ಲಿ, ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ. ರೆಕ್ಕೆ ನೇರವಾಗಬೇಕಾದರೆ ಅದನ್ನು ಕಟ್ಟುವ ಹಲಗೆ ಮೊದಲು ನೇರವಾಗಿರಬೇಕು. ಹಳೆಯ ಫ್ಲಶ್ ಡೋರ್ ಒಂದನ್ನು ಎರಡು ಮೇಜುಗಳ ಮೇಲೆ ಮಲಗಿಸಿ, ಮೂಲೆಯಿಂದ ಮೂಲೆಗೆ ದಾರ ಎಳೆದು ನೋಡಿದರೆ ನಡುವೆ ಎರಡು ಮಿಲಿಮೀಟರ್ ತಗ್ಗು ಕಂಡಿತು. ಎದುರುಮನೆಯ ಆಚಾರರು ಬೀಟೆ ಮರದಲ್ಲಿ ಚಿತ್ರ ಕೂರಿಸುವ ಕೆಲಸ ಮಾಡಿ ಈಗ ವಿಶ್ರಾಂತಿಯಲ್ಲಿರುವವರು. ಅವರು ಬಂದು ದಾರಕ್ಕೆ ಕಣ್ಣಿಟ್ಟು ನೋಡಿ, "ಮೇಜಿನ ಕಾಲಿಗೆ ಕೊಡೋ ಸೀಳನ್ನ ಬಾಗಿಲಿಗೆ ಕೊಡಿ ಸ್ವಾಮಿ, ನಡುವೆ ಕೊಡಿ" ಎಂದರು. ಹಾಗೆಯೇ ಬಾಗಿಲಿನ ನಡುಭಾಗಕ್ಕೆ ಕೆಳಗಿನಿಂದ ತೆಳ್ಳನೆಯ ಸೀಳುಗಳನ್ನು ಕೊಟ್ಟು ತಗ್ಗನ್ನು ಎತ್ತಿದೆ. ಅದರ ಮೇಲೆ ಪಿನ್ನು ಚುಚ್ಚಲು ಬರುವ ಸಾಫ್ಟ್ ಬೋರ್ಡ್, ಅದರ ಮೇಲೆ ನಕ್ಷೆ, ನಕ್ಷೆಗೆ ಅಂಟು ಹಿಡಿಯದಂತೆ ಪಾಲಿಥೀನ್ ಹಾಳೆ.

ಬಾಲ್ಸಾ ಮುಖ್ಯವಾಗಿ ಈಕ್ವೆಡಾರ್ ದೇಶದಿಂದ ಬರುವ, ಬಹಳ ಬೇಗ ಬೆಳೆಯುವ ಮರ. ಒಂದೇ ಅಳತೆಯ ಎರಡು ತುಂಡುಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ತೂಗುವುದುಂಟು. ನಾನು ಸಂಜೆ ಎರಡು ತಾಸು ಕೂತು ಕಡ್ಡಿಗಳನ್ನೆಲ್ಲ ತೂಗಿ, ಭಾರವಾದವನ್ನು ಒಡಲಿನ ಮುಂಭಾಗಕ್ಕೆ, ಹಗುರವಾದವನ್ನು ಬಾಲಕ್ಕೆ ಎಂದು ಬೇರ್ಪಡಿಸಿದೆ. ಸಮತೋಲದ ಬಿಂದುವಿನಿಂದ ಬಾಲ ಇರುವ ದೂರ ಮೂತಿ ಇರುವ ದೂರದ ಸುಮಾರು ಮೂರರಷ್ಟು. ಬಾಲದಲ್ಲಿ ಒಂದು ಗ್ರಾಂ ಹೆಚ್ಚಿದರೆ ಮೂತಿಗೆ ಮೂರು ಗ್ರಾಂ ಸೀಸ ತುಂಬಬೇಕು. ಇಷ್ಟೆಲ್ಲ ಲೆಕ್ಕ ಹಾಕಿದ ಮನುಷ್ಯ ಕೊನೆಗೆ ಚುಕ್ಕಾಣಿಗೆ ಎರಡು ಕೋಟು ಬಣ್ಣ ಬಳಿದು ಅದನ್ನೆಲ್ಲ ಹಾಳುಮಾಡಿಕೊಂಡೆನೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ರೆಕ್ಕೆಯ ಪಕ್ಕೆಲುಬುಗಳನ್ನು ಲೇಸರ್‌ನಿಂದ ಕತ್ತರಿಸಿ ಕೊಟ್ಟಿದ್ದರು. ಲೇಸರ್ ಸುಟ್ಟ ಕಪ್ಪು ಅಂಚನ್ನು ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಮಸಿ ಹೋದ ಮೇಲೆ ಅಂಟು ಹಾಕಿದೆ. ಅಂಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಕ್ಷಣದಲ್ಲಿ ಹಿಡಿಯುವ ಸೈನೋ ಅಂಟು ಅವಸರದವರ ಗೆಳೆಯ, ರೆಕ್ಕೆಗೆ ಮಾತ್ರ ರಾತ್ರಿಯಿಡೀ ಒಣಗುವ ಬಿಳಿ ಫೆವಿಕಾಲ್‌ನಂಥ ಅಂಟೇ ಬೇಕು, ಏಕೆಂದರೆ ಅದು ಹಿಡಿಯುವವರೆಗೆ ಪಕ್ಕೆಲುಬನ್ನು ಅರ್ಧ ಮಿಲಿಮೀಟರ್ ಆಚೀಚೆ ಸರಿಸಿ ತಿದ್ದಲು ಸಮಯವಿರುತ್ತದೆ. ಮೋಟಾರ್ ಕೂರುವ ಪ್ಲೈವುಡ್ ಗೋಡೆಗೂ ಚಕ್ರದ ಕಾಲುಗಳ ತಳಕ್ಕೂ ಮೂವತ್ತು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ಅಂಟು ಬಳಸಿದೆ. ಒಂದೊಂದು ರೆಕ್ಕೆಗೆ ಮೂರು ರಾತ್ರಿಯಂತೆ ಜುಲೈ ಮುಗಿಯಿತು. ಒಡಲಿನ ಕೆಲಸ ಇದಕ್ಕಿಂತ ಸುಲಭವಾಗಿತ್ತಾದ್ದರಿಂದ ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಮೇಲಿನ ರೆಕ್ಕೆಯನ್ನು ಒಡಲಿನ ಮೇಲೆ ಎತ್ತಿ ಹಿಡಿಯುವ ಕಂಬಗಳು ಮೂರು ಮಿಲಿಮೀಟರ್ ದಪ್ಪದ ಉಕ್ಕಿನ ತಂತಿಯವು. ತಂತಿಗಳು ಕೂಡುವ ಕಡೆ ತೆಳ್ಳನೆಯ ತಾಮ್ರದ ತಂತಿ ಸುತ್ತಿ ಬೆಸುಗೆ ಹಾಕಬೇಕು. ನನ್ನಲ್ಲಿದ್ದ 60 ವಾಟ್‌ನ ಬೆಸುಗೆ ಸಲಾಕೆ ಆ ಉಕ್ಕಿನ ಮುಂದೆ ಸೋತಿತು. ಬಿಸಿಯನ್ನೆಲ್ಲ ತಂತಿಯೇ ಕುಡಿದುಬಿಡುತ್ತಿತ್ತು, ಬೆಸುಗೆ ಹರಳುಹರಳಾಗಿ ನಿಂತು ಉಗುರಿಗೆ ಉದುರುತ್ತಿತ್ತು. ಕೊನೆಗೆ ತಂತಿಗಳನ್ನು ಅಳತೆಗೆ ಹಿಡಿದಿಡುವ ಜಿಗ್ ಸಮೇತ ಕಂಬಗಳನ್ನು ಲಾರಿಗಳ ರೇಡಿಯೇಟರ್ ರಿಪೇರಿ ಮಾಡುವ ಅಂಗಡಿಗೆ ಒಯ್ದೆ. ಅಲ್ಲಿಯ ತಾಮ್ರದ ಸಲಾಕೆಯ ಮೂತಿ ನನ್ನ ಹೆಬ್ಬೆರಳಿನ ಎರಡರಷ್ಟಿತ್ತು. ಅಂಗಡಿಯವರು ತಂತಿಯನ್ನು ತಿರುಗಿಸಿ ನೋಡಿ, "ಯಾವ ಗಾಡಿದು ಸಾರ್ ಇದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನಾಲ್ಕು ಕೀಲುಗಳನ್ನೂ ಐದೇ ನಿಮಿಷದಲ್ಲಿ ಮುಗಿಸಿಕೊಟ್ಟರು. ಬೆಸುಗೆ ತಾಮ್ರದ ಸುತ್ತುಗಳ ನಡುವೆ ನೀರಿನಂತೆ ಇಳಿದು ಹೊಳೆಯುತ್ತಿತ್ತು. ಆಮೇಲೆ ನೆಲಕ್ಕೆ ಬಿದ್ದ ಪೆಟ್ಟುಗಳಲ್ಲೂ ಆ ಕೀಲುಗಳು ಬಿಟ್ಟುಕೊಟ್ಟಿಲ್ಲ.

ನಿಜವಾದ ತೊಂದರೆ ಬಂದದ್ದು ಹೊದಿಕೆ ಹಾಕುವಾಗ. ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಫಿಲ್ಮನ್ನು ಪುಟ್ಟ ಇಸ್ತ್ರಿಯಿಂದ ಅಂಚುಗಳಿಗೆ ಅಂಟಿಸಿ, ಆಮೇಲೆ ನಡುಭಾಗಕ್ಕೆ ಬಿಸಿಗಾಳಿ ಹಾಯಿಸಿ ಬಿಗಿಗೊಳಿಸುವುದು ಕ್ರಮ. ನಾನು ಬಲಗಡೆಯ ಕೆಳರೆಕ್ಕೆಯ ಮೇಲ್ಮೈಯನ್ನು ಪೂರ್ತಿ ಬಿಗಿಗೊಳಿಸಿ ಮುಗಿಸಿದ ಮೇಲೆ ಕೆಳಮೈಗೆ ಕೈಹಾಕಿದೆ. ಬಾಲ್ಸಾದ ಹಂದರ ಬೆತ್ತದ ಬುಟ್ಟಿಯಂತೆ ಬಾಗುವ ವಸ್ತು. ಒಂದು ಮೈ ಎಳೆದಾಗ ಇಡೀ ರೆಕ್ಕೆ ಆ ಕಡೆಗೆ ತಿರುಚಿಕೊಂಡಿತು. ಎರಡೂ ಮೈಗಳನ್ನು ಸ್ವಲ್ಪ ಸ್ವಲ್ಪವೇ, ಸರದಿಯಂತೆ ಬಿಸಿಮಾಡಬೇಕೆಂಬುದು ಆಮೇಲೆ ಹೊಳೆಯಿತು. ಸಾಲದ್ದಕ್ಕೆ ಆಗಸ್ಟ್‌ನ ಜಡಿಮಳೆ. ರಾತ್ರಿ ಡೋಲಿನಂತೆ ಬಿಗಿಯಾಗಿದ್ದ ಹೊದಿಕೆ ಬೆಳಗ್ಗೆ ಎದ್ದು ನೋಡಿದರೆ ಅಲ್ಲಲ್ಲಿ ಸಡಿಲವಾಗಿ ಸುಕ್ಕುಗಟ್ಟಿರುತ್ತಿತ್ತು. ಮತ್ತೆ ಬಿಸಿಮಾಡಿದರೆ ಮತ್ತಷ್ಟು ತಿರುಚು. ಮಳೆ ಹಿಂದೆಗೆದು ಹವೆ ಒಣಗುವವರೆಗೆ, ಅಂದರೆ ದಸರಾ ಕಳೆಯುವವರೆಗೆ, ಹೊದಿಕೆಯನ್ನು ಮುಟ್ಟುವುದಿಲ್ಲವೆಂದು ಕೊನೆಗೆ ತೀರ್ಮಾನಿಸಿದೆ. ನವರಾತ್ರಿಯ ಗೊಂಬೆಗಳಿಗೆ ಮೆಟ್ಟಿಲು ಕಟ್ಟಲು ನನ್ನ ಬಾಗಿಲುಹಲಗೆಯನ್ನು ಮನೆಯವರು ವಶಪಡಿಸಿಕೊಂಡದ್ದೂ ಈ ತೀರ್ಮಾನಕ್ಕೆ ಒಂದು ಕಾರಣ.

ಬೈಪ್ಲೇನ್, ಅಂದರೆ ಹೀಗೆ ಮೇಲೆ ಕೆಳಗೆ ಜೋಡಿ ರೆಕ್ಕೆಗಳಿರುವ ವಿಮಾನ, ಕಟ್ಟುವ ಕೆಲಸದ ತಿರುಳು ಏನೆಂದು ನನ್ನನ್ನು ಕೇಳಿದರೆ, ನಾಲ್ಕು ರೆಕ್ಕೆಗಳೂ ಗಾಳಿಯನ್ನು ಒಂದೇ ಕೋನದಲ್ಲಿ ಎದುರಿಸುವಂತೆ ಮಾಡುವುದು ಎನ್ನುತ್ತೇನೆ. ಒಂಟಿ ರೆಕ್ಕೆಯ ವಿಮಾನದಲ್ಲಿ ಒಂದು ಡಿಗ್ರಿಯ ತಪ್ಪನ್ನು ರೇಡಿಯೊದ ಟ್ರಿಮ್, ಅಂದರೆ ಚಿಕ್ಕ ವಾಲಿಕೆಯನ್ನು ತಿದ್ದುವ ಗುಂಡಿ, ನುಂಗಿಕೊಳ್ಳುತ್ತದೆ. ಇಲ್ಲಿ ಒಂದು ರೆಕ್ಕೆಯ ತಪ್ಪು ರೆಕ್ಕೆಗಳ ನಡುವಿನ ಕಂಬ ಮತ್ತು ತಂತಿಗಳ ಮೂಲಕ ಇನ್ನೊಂದಕ್ಕೂ ಹತ್ತುತ್ತದೆ. ನಕ್ಷೆಯ ಪ್ರಕಾರ ಮೇಲಿನ, ಕೆಳಗಿನ ರೆಕ್ಕೆಗಳೆರಡರದ್ದೂ ಒಂದೇ ಕೋನ. ನವೆಂಬರ್‌ನಲ್ಲಿ ಹೊದಿಕೆ ಮುಗಿದ ಮೇಲೆ, ಬಡಗಿಗಳು ಬಳಸುವ ಡಿಜಿಟಲ್ ಕೋನಮಾಪಕವನ್ನು ನೇರವಾದ ಕಡ್ಡಿಗೆ ಕಟ್ಟಿ, ಕಡ್ಡಿಯನ್ನು ರೆಕ್ಕೆಯ ಮುಂಅಂಚಿಗೂ ಹಿಂಅಂಚಿಗೂ ತಾಗಿಸಿ, ಬುಡ, ನಡು, ತುದಿ ಹೀಗೆ ಹನ್ನೆರಡು ಕಡೆ ಅಳೆದೆ. ಹನ್ನೊಂದು ಅಳತೆಗಳು ಅರ್ಧ ಡಿಗ್ರಿಯೊಳಗೆ ಹೊಂದಿದವು. ಬಲ ಕೆಳರೆಕ್ಕೆಯ ತುದಿಯೊಂದು ಒಂದೂವರೆ ಡಿಗ್ರಿ ಹೆಚ್ಚು ತೋರಿಸಿತು. ಹೆಂಡತಿ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ವಿರುದ್ಧ ದಿಕ್ಕಿಗೆ ಸ್ವಲ್ಪ ಹೆಚ್ಚೇ ತಿರುಚಿದಳು. ನಾನು ಎರಡೂ ಮೈಗಳಿಗೆ ಬಿಸಿಗಾಳಿ ಹಾಯಿಸಿದೆ. ಆರುವವರೆಗೆ ಆಕೆ ಕೈ ಬಿಡಲಿಲ್ಲ. ಮೂರು ಸಲ ಹೀಗೆ ಮಾಡಿದ ಮೇಲೆ ಮುಕ್ಕಾಲು ಡಿಗ್ರಿ ಉಳಿಯಿತು. ಅಷ್ಟಕ್ಕೆ ಬಿಟ್ಟೆ. ಬಿಡಬಾರದಿತ್ತು.

ಮೈದಾನದಲ್ಲಿ ಪ್ರತಿ ಸಲವೂ ಕಂಬ, ತಂತಿ, ತಿರುಪುಗಳನ್ನೆಲ್ಲ ಜೋಡಿಸುತ್ತ ಕೂತರೆ ಗಾಳಿ ಎದ್ದುಬಿಡುತ್ತದೆ. ಆದ್ದರಿಂದ ಒಂದೊಂದು ಬದಿಯ ಮೇಲಿನ ಕೆಳಗಿನ ರೆಕ್ಕೆಗಳನ್ನು ಕಂಬ ಮತ್ತು ತಂತಿ ಸಮೇತ ಒಂದೇ ಪೆಟ್ಟಿಗೆಯಂತೆ ಕಾಯಂ ಆಗಿ ಕಟ್ಟಿ, ಒಡಲಿಗೆ ನಾಲ್ಕು ತಿರುಪುಗಳಿಂದ ಕೂಡಿಸುವಂತೆ ಮಾಡಿಕೊಂಡೆ. ಅಡ್ಡ ತಂತಿಗಳಿಗೆ ಮೀನಿನ ಗಾಳಕ್ಕೆ ಕಟ್ಟುವ, ಪ್ಲಾಸ್ಟಿಕ್ ಹೊದಿಸಿದ ಉಕ್ಕಿನ ಎಳೆ ಬಳಸಿದೆ. ಏಲೆರಾನ್‌ಗಳು (ವಿಮಾನವನ್ನು ಎಡಬಲಕ್ಕೆ ವಾಲಿಸಲು ರೆಕ್ಕೆಯ ಹಿಂಅಂಚಿನಲ್ಲಿ ಏರಿಳಿಯುವ ಪಟ್ಟಿಗಳು) ಅಸಲಿನಲ್ಲಿರುವಂತೆ ಕೆಳರೆಕ್ಕೆಗೆ ಮಾತ್ರ ಇವೆ. ಕೆಳಗೆ ಇಳಿಯುವ ಏಲೆರಾನ್ ಗಾಳಿಗೆ ಅಡ್ಡವಾಗಿ ಮೂತಿಯನ್ನು ತಪ್ಪು ದಿಕ್ಕಿಗೆ ಎಳೆಯುವುದರಿಂದ, ಅದು ಮೇಲೇರುವಷ್ಟರ ಮೂರರಲ್ಲೊಂದು ಭಾಗ ಮಾತ್ರ ಇಳಿಯುವಂತೆ ರೇಡಿಯೊದಲ್ಲಿ ಹೊಂದಿಸಿದೆ. 12 ಇಂಚು ವ್ಯಾಸದ ಪ್ರೊಪೆಲರ್‌ಗೆ ನಾಲ್ಕು ಸೆಲ್‌ನ ಬ್ಯಾಟರಿ ಪೂರ್ತಿ ವೇಗದಲ್ಲಿ 24 ಆಂಪಿಯರ್ ಕೊಟ್ಟಿತು. ಸುಮಾರು 350 ವಾಟ್. ಬಣ್ಣದ ಪಾಪಕ್ಕೆ ಮೂತಿಯಲ್ಲಿ 110 ಗ್ರಾಂ ಸೀಸ ಸೇರಿ ಒಟ್ಟು ತೂಕ 1940 ಗ್ರಾಂ ಆಯಿತು.

ಮೈಸೂರಿನ ದಕ್ಷಿಣಕ್ಕೆ ಮಂಡಕಳ್ಳಿ ವಿಮಾನನಿಲ್ದಾಣವಿರುವುದರಿಂದ ಊರ ಬಳಿ ಹಾರಿಸುವ ಯೋಚನೆಯನ್ನೇ ನಾನು ಮಾಡಲಿಲ್ಲ. 2021ರ ಡ್ರೋನ್ ನಿಯಮಗಳ ವಲಯ ನಕ್ಷೆಯಲ್ಲಿ ಹಸಿರು ಬಣ್ಣದಲ್ಲಿದ್ದ, ನಾಗಮಂಗಲ ತಾಲ್ಲೂಕಿನ ನನ್ನ ಹೆಂಡತಿಯ ತವರಿನ ಹೊಲವನ್ನು ಆರಿಸಿಕೊಂಡೆ. ಅಲ್ಲಿಯೂ 400 ಅಡಿಯ ಮಿತಿಯನ್ನು ದಾಟುವಂತಿಲ್ಲ. ರಾಗಿ ಕೊಯ್ಲಾದ ಮೇಲೆ ಭಾಮೈದ ಕಣದ ಕಲ್ಲುಗುಂಡನ್ನು ಟ್ರಾಕ್ಟರಿಗೆ ಕಟ್ಟಿ ಅರವತ್ತು ಮೀಟರ್ ಉದ್ದದ ಪಟ್ಟಿಯನ್ನು ಸಮ ಮಾಡಿಕೊಟ್ಟಿದ್ದ.

ಸಂಕ್ರಾಂತಿ ಕಳೆದ ಭಾನುವಾರ ಬೆಳಗ್ಗೆ ಏಳೂವರೆಗೆ, "ಪಡುವಲಿಂದ ತಣ್ಣಗೆ ಬೀಸ್ತಾ ಅದೆ ಭಾವ, ಇನ್ನ ಬುಡಿ" ಎಂದ ಭಾಮೈದನ ಮಾತಿನ ಮೇಲೆ ಪಡುವಲಿಗೆ ಮುಖ ಮಾಡಿಸಿ ನಿಧಾನವಾಗಿ ಥ್ರಾಟಲ್ ಕೊಟ್ಟೆ. ಪ್ರೊಪೆಲರ್ ತಿರುಗುವ ರಭಸಕ್ಕೆ ವಿಮಾನ ಎಡಕ್ಕೆ ಎಳೆಯಿತು. ಬಲ ಚುಕ್ಕಾಣಿ ಒತ್ತಿ ಹಿಡಿದೆ. ಬಾಲ ಮೇಲೆದ್ದು ಇಪ್ಪತ್ತು ಮೀಟರ್ ಓಡುವಷ್ಟರಲ್ಲಿ ಚಕ್ರಗಳು ನೆಲ ಬಿಟ್ಟವು. ಬಿಟ್ಟ ಮರುಕ್ಷಣವೇ, ತುದಿಯಲ್ಲಿ ಉಳಿಸಿಕೊಂಡಿದ್ದ ಮುಕ್ಕಾಲು ಡಿಗ್ರಿ ತನ್ನ ಕೆಲಸ ತೋರಿಸಿತು: ಬಲರೆಕ್ಕೆ ಹೆಚ್ಚು ಎತ್ತಿ ವಿಮಾನ ಎಡಕ್ಕೆ ವಾಲಿತು. ಆರು ಕ್ಲಿಕ್ ಬಲ ಟ್ರಿಮ್ ಕೊಟ್ಟ ಮೇಲೆ ನೇರವಾಯಿತು. ತೆಂಗಿನ ತೋಟದ ಮೇಲೆ ಎರಡು ಸುತ್ತು ಹಾಕಿದಾಗ, ತಂತಿಗಳ ನಡುವೆ ಗಾಳಿ ಸಿಳ್ಳೆ ಹಾಕುವುದು ನೆಲದಲ್ಲಿದ್ದ ನಮಗೂ ಕೇಳಿಸಿತು.

ಇಳಿಸುವಾಗ ಫೋಮ್ ವಿಮಾನದ ಅಭ್ಯಾಸವೇ ಕೈಕೊಟ್ಟಿತು. ಆ ವಿಮಾನವನ್ನು ಪಟ್ಟಿಯ ತುದಿಗೆ ಬರುವ ಮೊದಲೇ ಥ್ರಾಟಲ್ ಮುಚ್ಚಿ ತೇಲಿಸಿಕೊಂಡು ಬರುತ್ತಿದ್ದೆ. ನಾಲ್ಕು ರೆಕ್ಕೆ, ಎಂಟು ಕಂಬ, ಹತ್ತಾರು ತಂತಿಗಳ ಟೈಗರ್ ಮಾತ್ ಥ್ರಾಟಲ್ ಮುಚ್ಚಿದೊಡನೆ ಬ್ರೇಕ್ ಹಾಕಿದಂತೆ ವೇಗ ಕಳೆದುಕೊಂಡು, ಎರಡಾಳೆತ್ತರದಿಂದ ಪಟ್ಟಿಗೆ ಹತ್ತು ಮೀಟರ್ ಮುಂಚೆಯೇ ರಾಗಿಕೂಳೆಯಲ್ಲಿ ಕುಸಿದು ಮೂತಿ ಮಗುಚಿತು. ಪ್ರೊಪೆಲರ್ ಮುರಿದು, ಚಕ್ರದ ಕಾಲುಗಳು ತಳದ ಪ್ಲೈವುಡ್ಡನ್ನೂ ಕಿತ್ತುಕೊಂಡು ಬಂದಿದ್ದವು. ರೆಕ್ಕೆಯ ಪೆಟ್ಟಿಗೆಗಳೆರಡೂ ಏನೂ ಆಗದೆ ಉಳಿದದ್ದನ್ನು ಕಂಡು ನನಗೆ ಬೇಸರಕ್ಕಿಂತ ಹೆಮ್ಮೆಯೇ ಹೆಚ್ಚಾಯಿತು.

ರಿಪೇರಿಗೆ ಹದಿನೈದು ದಿನ ಹಿಡಿಯಿತು. ಹೊಸ ಪ್ಲೈವುಡ್ ತಳಕ್ಕೆ ಎರಡೂ ಬದಿ ಮುಕ್ಕೋನದ ಬಾಲ್ಸಾ ಪಟ್ಟಿ ಒತ್ತುಕೊಟ್ಟು, ಗ್ಲಾಸ್‌ಫೈಬರ್ ಬಟ್ಟೆಯನ್ನು ಎಪಾಕ್ಸಿಯಲ್ಲಿ ಅದ್ದಿ ಒಳಗಡೆ ಹೊದಿಸಿದೆ. ಅದೇ ಹೊತ್ತಿಗೆ ಬಲ ಕೆಳರೆಕ್ಕೆಯ ತಂತಿಗಳನ್ನು ಬಿಚ್ಚಿ ಆ ಮುಕ್ಕಾಲು ಡಿಗ್ರಿಯನ್ನೂ ಬಿಸಿಗಾಳಿಯಲ್ಲಿ ಕಾಲು ಡಿಗ್ರಿಗೆ ಇಳಿಸಿದೆ. ಈಗ ಇಳಿಸುವಾಗ ಚಕ್ರ ನೆಲ ಮುಟ್ಟುವವರೆಗೆ ಥ್ರಾಟಲ್ ಮೂರರಲ್ಲೊಂದು ಭಾಗ ತೆರೆದೇ ಇಡುತ್ತೇನೆ, ಮುಟ್ಟಿದ ಮೇಲೆ ಮುಚ್ಚುತ್ತೇನೆ. ಏಳು ನಿಮಿಷಕ್ಕೆ ಗಡಿಯಾರ ಹೊಡೆಯುವಂತೆ ಇಟ್ಟುಕೊಂಡು ಮಾರ್ಚ್ ಕೊನೆಯವರೆಗೆ ಹನ್ನೊಂದು ಸಲ ಹಾರಿಸಿದ್ದೇನೆ. ಟ್ರಿಮ್ ಎರಡೇ ಕ್ಲಿಕ್‌ಗೆ ಬಂದು ನಿಂತಿದೆ.

ಮುಂಗಾರಿನ ಮೊದಲ ಮಳೆಗೆ ಭಾಮೈದ ಆ ಪಟ್ಟಿಯನ್ನೂ ಸೇರಿಸಿ ಹೊಲ ಉಳುತ್ತಾನೆ. ಮುಂದಿನ ರಾಗಿ ಕೊಯ್ಲಿನವರೆಗೆ ರೆಕ್ಕೆಗಳು ಮಹಡಿಯ ಕೋಣೆಯಲ್ಲಿ ತೂಗುಹಾಕಿಕೊಂಡಿರುತ್ತವೆ. ತೇವದಲ್ಲಿ ಹೊದಿಕೆ ಸಡಿಲವಾದಾಗ ಬಿಗಿ ತಂತಿಗಳು ಹಂದರವನ್ನು ತಮ್ಮ ಕಡೆಗೆ ಎಳೆಯಬಾರದೆಂದು ಒಂದೊಂದು ತಂತಿಯನ್ನೂ ಸುಮಾರು ಅರ್ಧ ಸುತ್ತು ಸಡಿಲಿಸಿ, ಯಾವುದು ಎಷ್ಟು ಸಡಿಲಿಸಿದ್ದೆಂದು ಕಂಬದ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.