ಕೊನೆಗೂ ಒಂದು ಕಡೆ ನಿಂತ ಹೂಗೊಳವೆ: ಸಹವಿಕಾಸದ ಮಾದರಿ, ನನ್ನ ಅನುಭವ

ಹೂವಿನ ಕೊಳವೆಯ ಆಳ, ಅದರ ಮಕರಂದ ಹೀರುವ ಪತಂಗದ ನಾಲಿಗೆಯ ಉದ್ದ ಪೀಳಿಗೆಯಿಂದ ಪೀಳಿಗೆಗೆ ಒಂದನ್ನೊಂದು ಹೇಗೆ ಬದಲಿಸುತ್ತವೆ ಎಂದು ಕಂಪ್ಯೂಟರಿನಲ್ಲಿ ಓಡಿಸಿ ನೋಡುವ ಮಾದರಿ ನನ್ನದು. ಒಂದೊಂದು ಗಿಡ, ಒಂದೊಂದು ಪತಂಗವನ್ನೂ ಬಿಡಿಬಿಡಿಯಾಗಿ ಲೆಕ್ಕ ಹಾಕಿದರೆ ಡ್ರಿಫ್ಟ್ (ಆಯ್ಕೆಯಿಲ್ಲದೆ ಬರೀ ಆಕಸ್ಮಿಕವಾಗಿ ಆಗುವ ಬದಲಾವಣೆ) ಬಿಟ್ಟು ಬೇರೇನೂ ಕಾಣುವುದಿಲ್ಲ, ಸರಾಸರಿಯ ಸಮೀಕರಣವೇ ಸಾಕು ಎಂದವರೇ ಹೆಚ್ಚು. ಈಗ ನನ್ನ ಮಾದರಿಯಲ್ಲಿ ಹೂಗೊಳವೆಯ ಆಳ 10 ಮಿ.ಮೀ.ಯಿಂದ ಹೊರಟು 40ರ ಆಸುಪಾಸಿನಲ್ಲಿ ನಿಲ್ಲುತ್ತದೆ. ರ‍್ಯಾಂಡಮ್ ಸಂಖ್ಯೆಗಳ ಆರಂಭದ ಅಂಕಿಯನ್ನು (ಸೀಡ್) ಬದಲಿಸಿದರೂ ಎರಡು ಮೂರು ಮಿ.ಮೀ. ಅತ್ತಿತ್ತ, ಅಷ್ಟೆ.

ಕಾಡುವುದು ಗಾಸಿಯನ್, ಅಂದರೆ ಗಂಟೆಯಾಕಾರದ ರೇಖೆಯ ಹೊಂದಾಣಿಕೆ. ಆಳವೂ ನಾಲಿಗೆಯೂ ಸಮವಾದಾಗ ಇಬ್ಬರಿಗೂ ಗರಿಷ್ಠ ಲಾಭ ಎಂದು ಬರೆದರೆ ಎರಡೂ ಬೇಗ ಕೂಡಿಕೊಂಡು, ಆಮೇಲೆ ಜೊತೆಯಾಗಿ ಎತ್ತಲೋ ತೇಲುತ್ತವೆ, ಪೈಪೋಟಿಯೇ ಇಲ್ಲ. ಲಾಭ ಬೇರೆಬೇರೆಯಾಗಬೇಕು. ಪತಂಗಕ್ಕೆ ನಾಲಿಗೆ ಮುಟ್ಟಿದಷ್ಟು ಮಕರಂದ, ಜೊತೆಗೆ ಉದ್ದದ ವರ್ಗಕ್ಕೆ (ಉದ್ದ × ಉದ್ದ) ತಕ್ಕ ಖರ್ಚು. ಖರ್ಚು ನೇರ ಅನುಪಾತದಲ್ಲಿದ್ದರೆ ಓಟ ನಿಲ್ಲುವುದಿಲ್ಲ. ಗಿಡಕ್ಕೆ ಸಿಗ್ಮಾಯ್ಡ್, ಅಂದರೆ S ಆಕಾರದ ರೇಖೆ: ಆಳ ನಾಲಿಗೆಗಿಂತ ತುಸು ಹೆಚ್ಚಿದ್ದರೇನೇ ಪತಂಗದ ತಲೆ ಪರಾಗಕೋಶಕ್ಕೆ ಒತ್ತುವುದು. ಅದರ ಸ್ಲೋಪ್ ಮಿ.ಮೀ.ಗೆ 2ರ ಸುತ್ತ ಇರಲಿ. 10 ಇಟ್ಟರೆ ಗಿಡ್ಡ ಕೊಳವೆಯ ಗಿಡಗಳಲ್ಲಿ ಬೀಜವೇ ಕಟ್ಟದೆ ಮುಂದಿನ ಪೀಳಿಗೆ ಬೆರಳೆಣಿಕೆಯ ಗಿಡಗಳ ಪಾಲಾಗುತ್ತದೆ; 0.2 ಇಟ್ಟರೆ ಆಯ್ಕೆ ಡ್ರಿಫ್ಟಿನಲ್ಲಿ ಮುಳುಗುತ್ತದೆ.

ಗಿಡ 2,000, ಪತಂಗ 400, ತಲಾ 18 ಭೇಟಿ. ಹೂವೊಂದಕ್ಕೆ ಮೂರು-ನಾಲ್ಕು ಬಿತ್ತು. ಪತಂಗ ಹೆಚ್ಚಿಸಿದರೆ ಎಲ್ಲ ಹೂಗಳಿಗೂ ಪರಾಗ ಧಾರಾಳವಾಗಿ ಸಿಕ್ಕಿ, ಬೀಜದ ಲೆಕ್ಕದಲ್ಲಿ ಆಳಕ್ಕೆ ಬೆಲೆ ಇರುವುದಿಲ್ಲ. ಮೈಗಂಟಿದ ಪರಾಗ ಪ್ರತಿ ಭೇಟಿಗೆ 0.7 ಪಟ್ಟು ಉಳಿಯುತ್ತದೆ. ಆರಂಭದ ವೈವಿಧ್ಯ ಹೇಗೆ ಹಂಚಿದೆ ಎನ್ನುವುದು ಮಾತ್ರ ನನ್ನಲ್ಲೇ ಇರಲಿ.

ದುಡ್ಡು ತಿನ್ನುವುದು ಪ್ರತಿ ಭೇಟಿಯನ್ನೂ ಒಂದೊಂದಾಗಿ ಲೆಕ್ಕ ಹಾಕುವ ಲೂಪ್. ಬರೀ ಪೈಥಾನ್‌ನಲ್ಲಿ ರಾತ್ರಿಯಿಡೀ ಓಡಿ ಕ್ಲೌಡ್ ಬಿಲ್ ಏರುತ್ತಿತ್ತು. ಪೈಥಾನ್ ಕೋಡನ್ನು ವೇಗವಾಗಿ ಓಡಿಸುವ ನಂಬಾ (Numba) ಹಾಕಿದ ಮೇಲೆ ಅರ್ಧ ಗಂಟೆಯ ಕೆಲಸ. ಕ್ಲೌಡ್ ಕಂಪನಿಗಳು ಅಗ್ಗಕ್ಕೆ ಬಾಡಿಗೆಗೆ ಕೊಡುವ ಸ್ಪಾಟ್ ಯಂತ್ರಗಳನ್ನು ನಡುವೆಯೇ ಕಿತ್ತುಕೊಳ್ಳುತ್ತಾರೆ, ಹಾಗಾಗಿ 500 ಪೀಳಿಗೆಗೊಮ್ಮೆ ಸೇವ್ ಮಾಡಬೇಕು. ರ‍್ಯಾಂಡಮ್ ಜನರೇಟರಿನ ಸ್ಥಿತಿಯನ್ನೂ ಸೇರಿಸಿಯೇ. ಇಲ್ಲದಿದ್ದರೆ ಅದೇ ಓಟ ಮರಳಿ ಸಿಗದು.

ಅಕ್ವಿಲೀಜಿಯಾ ಹೂಗಳಲ್ಲಿ ಪರಾಗಸ್ಪರ್ಶಕ ಬದಲಾದಾಗ ಮಕರಂದದ ಕೊಳವೆ ನೆಗೆದು ಬೆಳೆದಿದೆ ಎಂದು 2007ರಲ್ಲಿ ಸಂಶೋಧಕರಾದ ವಿಟಾಲ್, ಹಾಡ್ಜಸ್ ತೋರಿಸಿದ್ದರಲ್ಲ, ಅದನ್ನೂ ನೋಡೋಣ ಅಂತ ಎರಡನೇ ಪತಂಗವನ್ನು ಬಿಟ್ಟೆ. ನಾಲಿಗೆ 65 ಮಿ.ಮೀ. ಕೊಟ್ಟಾಗ ಆಳ ಅಲ್ಲಾಡಲಿಲ್ಲ. ಸಿಗ್ಮಾಯ್ಡಿನ ಬಾಲ ಅಷ್ಟು ದೂರ ಚಾಚುವುದಿಲ್ಲ. ಸರಾಸರಿ 46, ವಿಚಲನೆ 3 ಕೊಟ್ಟ ಮೇಲೆ ಕೆಲವೇ ನೂರು ಪೀಳಿಗೆಗಳಲ್ಲಿ ಮುಂದಿನ ಮೆಟ್ಟಿಲೇರಿತು. ಈಗ ಮೂರನೆಯದನ್ನು ಬಿಟ್ಟು ನೋಡುತ್ತಿದ್ದೇನೆ.